ಇಂಗ್ಲೆಂಡಿನ ಅರಣ್ಯ ವಿಹಾರಗಳಲ್ಲಿ ಊಟದ ವಿನಯ: ಅಧ್ಯಯನ ಟಿಪ್ಪಣಿ

ವಿನಯವೆಂದರೆ ಇಲ್ಲಿ ಬೌದ್ಧ ಭಿಕ್ಷುಗಳ ಶಿಸ್ತಿನ ನಿಯಮಾವಳಿ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡುಗಳಲ್ಲಿ ರೂಢಿಯಲ್ಲಿರುವ ಥೇರವಾದ ಶಾಖೆಯ ಭಿಕ್ಷುವಿನ 227 ಶಿಕ್ಷಾಪದಗಳನ್ನೂ (ನಿಯಮಗಳನ್ನೂ) ಅವುಗಳಿಗೆ ಪೂರಕವಾಗಿ ವಿನಯ ಗ್ರಂಥದ ಭಾಗವಾದ ಮಹಾವಗ್ಗದಲ್ಲಿ ಬರುವ ವಿಧಿಗಳನ್ನೂ ಮೊದಲ ಸಲ ಓದುವವರಿಗೆ ಅವೆಲ್ಲ ಲೋಕದಿಂದ ದೂರ ಸರಿಯುವ ಉಪಾಯಗಳಂತೆ ಕಾಣುತ್ತವೆ. ಹಣ ಸ್ವೀಕರಿಸುವಂತಿಲ್ಲ, ಅಡುಗೆ ಮಾಡಿಕೊಳ್ಳುವಂತಿಲ್ಲ, ಆಹಾರ ಕೂಡಿಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಗಿಡ ಕೀಳುವಂತಿಲ್ಲ. ಆದರೆ ಇದೇ ನಿಯಮಗಳನ್ನು ಇಂಗ್ಲೆಂಡಿನಲ್ಲಿ ಥಾಯ್ ಅರಣ್ಯವಾಸಿ ಗುರು ಅಜಾನ್ ಚಾ ಅವರ ಪರಂಪರೆಯ ವಿಹಾರಗಳು ಬೆಳೆದುಬಂದ ಬಗೆಯೊಂದಿಗೆ ಸೇರಿಸಿ ಓದಿದರೆ ಚಿತ್ರ ತಿರುಗುತ್ತದೆ: ಭಿಕ್ಷುವು ತನಗೆ ತಾನೇ ಏನನ್ನೂ ಒದಗಿಸಿಕೊಳ್ಳಲಾಗದಂತೆ ಕಟ್ಟಿಹಾಕುವ ಮೂಲಕವೇ ವಿನಯವು ಗೃಹಸ್ಥರನ್ನು ದಿನದಿನವೂ ವಿಹಾರದ ಅಡುಗೆಮನೆಗೆ ಕರೆತರುತ್ತದೆ. ಈ ಟಿಪ್ಪಣಿ ಮುಖ್ಯವಾಗಿ ಊಟದ ನಿಯಮಗಳ ಬಗ್ಗೆ. ಅದರಲ್ಲೂ ನಾಲ್ಕು ಕಾಲಮಿತಿಗಳು ಒಂದರೊಡನೊಂದು ಬೆರೆಯುವ ಲೆಕ್ಕದ ಬಗ್ಗೆ.

ಬೈಲಕುಪ್ಪೆಯ ಟಿಬೆಟಿಯನ್ ವಿಹಾರಗಳನ್ನು ಕಂಡ ಕನ್ನಡ ಓದುಗರು ಆ ಚಿತ್ರವನ್ನು ಇಲ್ಲಿಗೆ ತರಬಾರದು. ಅಲ್ಲಿಯದು ಮೂಲಸರ್ವಾಸ್ತಿವಾದ ಶಾಖೆಯ ವಿನಯ. ಭಿಕ್ಷುಗಳೇ ದೊಡ್ಡ ಅಡುಗೆಮನೆಗಳನ್ನು ನಡೆಸುವುದು, ಹಣ ಬಳಸುವುದು ಅಲ್ಲಿ ಸಾಮಾನ್ಯ.

ಹಿನ್ನೆಲೆ

ಬರ್ಮಾದಲ್ಲಿ ದೀಕ್ಷೆ ಪಡೆದಿದ್ದ ಇಂಗ್ಲಿಷ್ ಭಿಕ್ಷು ಆನಂದ ಮೆತ್ತೆಯ್ಯ, ಅಂದರೆ ಪೂರ್ವಾಶ್ರಮದ ಆಲನ್ ಬೆನೆಟ್, 1908ರಲ್ಲಿ ಲಂಡನ್ನಿಗೆ ಬಂದು ಕೆಲವು ತಿಂಗಳು ಇದ್ದು ಬರ್ಮಾಕ್ಕೆ ಮರಳಿದರು. 1926ರಲ್ಲಿ ಶ್ರೀಲಂಕಾದ ಬೌದ್ಧ ಸುಧಾರಕ ಅನಾಗಾರಿಕ ಧರ್ಮಪಾಲರು ಲಂಡನ್ನಿನಲ್ಲಿ ಸಿಂಹಳ ಭಿಕ್ಷುಗಳಿಗಾಗಿ ನೆಲೆಯೊಂದನ್ನು ಸ್ಥಾಪಿಸಿದರು. ಇಂಗ್ಲೆಂಡಿನವರೇ ದೀಕ್ಷೆ ಪಡೆದು ಅಲ್ಲಿಯೇ ಬಾಳುವಂಥ ಭಿಕ್ಷುಸಂಘ ಬೇಕೆಂಬ ಉದ್ದೇಶದಿಂದ 1956ರಲ್ಲಿ ಇಂಗ್ಲಿಷ್ ಸಂಘ ಟ್ರಸ್ಟ್ ಹುಟ್ಟಿತಾದರೂ, ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಅದರ ವಿಹಾರದಲ್ಲಿ ಸಂಘ ಬಹುಕಾಲ ನೆಲೆಯೂರಲಿಲ್ಲ.

1977ರಲ್ಲಿ ಈ ಟ್ರಸ್ಟಿನ ಆಹ್ವಾನದ ಮೇಲೆ ಈಶಾನ್ಯ ಥಾಯ್ಲೆಂಡಿನ ಅಜಾನ್ ಚಾ ಅವರು ತಮ್ಮ ಅಮೆರಿಕನ್ ಶಿಷ್ಯ ಅಜಾನ್ ಸುಮೇಧೋ ಅವರೊಂದಿಗೆ ಬಂದರು. ಮರಳುವಾಗ ಸುಮೇಧೋ ಮತ್ತು ಇನ್ನು ಕೆಲವು ಪಾಶ್ಚಾತ್ಯ ಭಿಕ್ಷುಗಳನ್ನು ಅಲ್ಲಿಯೇ ಬಿಟ್ಟು, ಯಾರು ಕೊಡಲಿ ಬಿಡಲಿ ದಿನವೂ ಭಿಕ್ಷಾಪಾತ್ರೆ ಹಿಡಿದು ಹೊರಗೆ ನಡೆಯಬೇಕೆಂದು ವಿಧಿಸಿದರು. ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನಲ್ಲಿ ಪಾತ್ರೆಗೆ ಅನ್ನ ಬೀಳುವ ಸಂಭವ ಇರಲೇ ಇಲ್ಲ. ಆದರೆ ಅಲ್ಲಿ ಬೆಳಗಿನ ಓಟಕ್ಕೆ ಬಂದ ಒಬ್ಬ ಗೃಹಸ್ಥರು ಇವರನ್ನು ಕಂಡು ಮಾತನಾಡಿಸಿ, ಪರಿಚಯ ಬೆಳೆದು, ಪಶ್ಚಿಮ ಸಸೆಕ್ಸ್‌ನಲ್ಲಿ ತಮಗಿದ್ದ ಹ್ಯಾಮರ್ ವುಡ್ ಎಂಬ ಕಾಡನ್ನು ಸಂಘಕ್ಕೆ ಕೊಟ್ಟರು. ಕಾಡಿನ ಹತ್ತಿರವೇ ಮಾರಾಟಕ್ಕಿದ್ದ, ಪಾಳುಬಿದ್ದಂತಿದ್ದ ಚಿತರ್ಸ್ಟ್ ಹೌಸನ್ನು ಟ್ರಸ್ಟ್ 1979ರಲ್ಲಿ ಕೊಂಡಿತು. ಅದೇ ಇಂದಿನ ಚಿತ್ತವಿವೇಕ ವಿಹಾರ. 1984ರಲ್ಲಿ ಹರ್ಟ್‌ಫರ್ಡ್‌ಶೈರ್‌ನ ಗ್ರೇಟ್ ಗ್ಯಾಡ್ಸ್‌ಡನ್‌ನಲ್ಲಿ, ಹಿಂದೆ ಶಾಲೆಯಾಗಿದ್ದ ಮರದ ಕಟ್ಟಡಗಳಲ್ಲಿ ಅಮರಾವತಿ ಆರಂಭವಾಯಿತು. ನಿಯಮವನ್ನು ಪಾಲಿಸಿದ್ದರ ಫಲ ಪಾತ್ರೆಯಲ್ಲಿ ಕಾಣಿಸಿಕೊಳ್ಳದೆ ಕಾಡಾಗಿ ಬಂದದ್ದನ್ನು ಕೆಲವರು ಪವಾಡದ ಧಾಟಿಯಲ್ಲಿ ಹೇಳುತ್ತಾರೆ. ಅದರ ಅಗತ್ಯವಿಲ್ಲ, ದಿನವೂ ಜನರ ಕಣ್ಣಿಗೆ ಬೀಳುವಂತೆ ಮಾಡುವುದೇ ಆ ನಿಯಮದ ಕೆಲಸ.

ಕೊಟ್ಟದ್ದನ್ನು ಮಾತ್ರ

ನೀರು ಮತ್ತು ಹಲ್ಲುಜ್ಜುವ ಕಡ್ಡಿಯ ಹೊರತು, ಇನ್ನೊಬ್ಬರು ಕೊಡದೆ ಇರುವ ಯಾವುದನ್ನೂ ಭಿಕ್ಷು ಬಾಯಿಗೆ ಹಾಕುವಂತಿಲ್ಲವೆಂದು ಪಾಚಿತ್ತಿಯ (ಮುರಿದರೆ ತಪ್ಪೊಪ್ಪಿಕೊಳ್ಳಬೇಕಾದ ನಿಯಮಗಳ ಗುಂಪು) 40 ಹೇಳುತ್ತದೆ. ಕೊಡುವವರು ಕೈಯಳತೆಯ ದೂರದಲ್ಲಿರಬೇಕು, ವಸ್ತುವನ್ನು ಕೈಯಿಂದಲೋ ಕೈಯಲ್ಲಿ ಹಿಡಿದ ಪಾತ್ರೆಯಿಂದಲೋ ಅರ್ಪಿಸಬೇಕು, ಭಿಕ್ಷುವೂ ಹಾಗೆಯೇ ಸ್ವೀಕರಿಸಬೇಕು. ತುಂಬಿದ ಫ್ರಿಜ್ ಎದುರಿಗಿದ್ದರೂ ಅರ್ಪಿಸುವ ಒಬ್ಬರು ಇಲ್ಲದಿದ್ದರೆ ಅಂದು ಉಪವಾಸವೇ. ನಮ್ಮ ಕಡೆ ಮನೆಬಾಗಿಲಿಗೆ ಬಂದವರ ಜೋಳಿಗೆಗೆ ಅಕ್ಕಿ, ರಾಗಿ, ಬೇಳೆ ಹಾಕುವಂತೆ ಇಲ್ಲಿ ಹಾಕಲಾಗದು, ಏಕೆಂದರೆ ಹಸಿ ಧಾನ್ಯವನ್ನು ಭಿಕ್ಷು ಸ್ವೀಕರಿಸುವಂತಿಲ್ಲ. ಅಕ್ಕಿಯ ಚೀಲ ತಂದವರು ಅದನ್ನು ವಿಹಾರದ ಉಗ್ರಾಣಕ್ಕೆ ಕೊಡುತ್ತಾರೆ. ಗೃಹಸ್ಥರೋ, ಬಿಳಿ ಬಟ್ಟೆ ಉಟ್ಟು ಎಂಟು ಶೀಲಗಳನ್ನು ಪಾಲಿಸುವ ಅನಾಗಾರಿಕರೋ ಅದನ್ನು ಬೇಯಿಸಿ ಅಂದಂದಿಗೆ ಅರ್ಪಿಸುತ್ತಾರೆ. ಅಮರಾವತಿಯಲ್ಲಿ ಥಾಯ್ ಮತ್ತು ಸಿಂಹಳ ಕುಟುಂಬಗಳು ಮನೆಯಲ್ಲೇ ಬೇಯಿಸಿ ತಂದ ಅಡುಗೆಯೂ ಇಂಗ್ಲಿಷರು ತಂದದ್ದೂ ಒಂದೇ ಸಾಲಿನಲ್ಲಿ ಇರುತ್ತವೆ, ಭಿಕ್ಷುಗಳ ನಂತರ ಬಂದವರೆಲ್ಲ ಅದನ್ನೇ ಉಣ್ಣುತ್ತಾರೆ.

ನಾಲ್ಕು ಕಾಲಮಿತಿಗಳು

ಸ್ವೀಕರಿಸಿದ ವಸ್ತುವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದರ ಮೇಲೆ ವಿನಯವು ತಿನ್ನುವ, ಕುಡಿಯುವ ಎಲ್ಲವನ್ನೂ ನಾಲ್ಕಾಗಿ ವಿಂಗಡಿಸುತ್ತದೆ. ಮೊದಲನೆಯದು ಯಾವಕಾಲಿಕ, ಎಂದರೆ ಸಾಮಾನ್ಯ ಆಹಾರ: ಅನ್ನ, ರೊಟ್ಟಿ, ತರಕಾರಿ, ಹಣ್ಣು, ಮಾಂಸ, ಹಾಲು, ಇವನ್ನು ಸ್ವೀಕರಿಸಿದ ದಿನದ ನಡುಹಗಲಿನೊಳಗೆ ತಿಂದು ಮುಗಿಸಬೇಕು. ಎರಡನೆಯದು ಯಾಮಕಾಲಿಕ, ಎಂದರೆ ಸೋಸಿದ ಹಣ್ಣಿನ ರಸ. ಮಾವು, ನೇರಳೆ, ಬಾಳೆ, ದ್ರಾಕ್ಷಿ, ಇಪ್ಪೆ ಮೊದಲಾದ ಎಂಟು ಪಾನಕಗಳನ್ನು ಮಹಾವಗ್ಗ ಹೆಸರಿಸುತ್ತದೆ, ಇಂಗ್ಲೆಂಡಿನಲ್ಲಿ ಸೇಬಿನ ರಸವೂ ಈ ಸಾಲಿಗೆ ಸೇರಿದೆ. ಇದರ ಮಿತಿ ಮರುದಿನದ ಅರುಣೋದಯ. ಮೂರನೆಯದು ಸತ್ತಾಹಕಾಲಿಕ, ಏಳು ದಿನ ಇಟ್ಟುಕೊಳ್ಳಬಹುದಾದ ಐದು ಪುಷ್ಟಿಕರ ಔಷಧಗಳು: ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ. ನಾಲ್ಕನೆಯದು ಯಾವಜೀವಿಕ, ಜೀವನಪರ್ಯಂತ ಇಟ್ಟುಕೊಳ್ಳಬಹುದಾದ ಔಷಧ: ಶುಂಠಿ, ಅರಿಸಿನ, ಅಳಲೆಕಾಯಿ, ನೆಲ್ಲಿಕಾಯಿ, ಮೆಣಸು, ಉಪ್ಪು. ಚಹಾ, ಕಾಫಿಗಳನ್ನೂ ಈ ಪರಂಪರೆಯಲ್ಲಿ ಇದೇ ಗುಂಪಿಗೆ ಸೇರಿಸುತ್ತಾರೆ. ಮೂರು ಮತ್ತು ನಾಲ್ಕನೆಯ ಗುಂಪಿನವನ್ನು ಕಾರಣವಿದ್ದಾಗ ಮಾತ್ರ ಸೇವಿಸಬೇಕು.

ಒಂದೊಂದನ್ನೇ ನೋಡಿದರೆ ಇದು ಬಾಯಿಪಾಠ ಮಾಡಿ ಮುಗಿಸಬಹುದಾದ ಪಟ್ಟಿ. ತೊಡಕು ಹುಟ್ಟುವುದು ಬೆರಕೆಯಲ್ಲಿ. ಇದಕ್ಕೆ ಸುಲಭಸೂತ್ರ ಒಂದಿದೆ: ಬೆರೆತವುಗಳಲ್ಲಿ ಯಾವುದರ ಆಯುಷ್ಯ ಅತಿ ಕಡಿಮೆಯೋ ಇಡೀ ಬೆರಕೆಯ ಆಯುಷ್ಯವೂ ಅಷ್ಟೇ. ಶುಂಠಿ ಕಷಾಯಕ್ಕೆ ಜೇನು ಬೆರೆತರೆ ಏಳು ದಿನ. ಸೇಬಿನ ರಸಕ್ಕೆ ಬೆಲ್ಲ ಬೆರೆತರೆ ಮರುದಿನದ ಅರುಣೋದಯದವರೆಗೆ. ಚಹಾಕ್ಕೆ ಹಾಲು ಬೆರೆತರೆ ನಡುಹಗಲಿನವರೆಗೆ. ಹೀಗಾಗಿ ಹಾಲಿಲ್ಲದ ಚಹಾವನ್ನು ಚಹಾವೆಂದೇ ಎಣಿಸದ ದೇಶದಲ್ಲಿ ಭಿಕ್ಷುಗಳು ಸಂಜೆ ಕಪ್ಪು ಚಹಾ ಕುಡಿಯುತ್ತಾರೆ. ಹಾಲಿಲ್ಲದ ಕಪ್ಪು ಚಾಕೊಲೇಟನ್ನು ಈ ಪರಂಪರೆಯ ಹಲವು ವಿಹಾರಗಳಲ್ಲಿ ಸಂಜೆಗೂ ಒಪ್ಪುತ್ತಾರೆ, ಹಾಲು ಸೇರಿದ ಚಾಕೊಲೇಟನ್ನು ಒಪ್ಪುವುದಿಲ್ಲ; ಸೂತ್ರ ಅಲ್ಲಿಗೂ ಹೊಂದುತ್ತದೆ. ಚೀಸ್ ವಿಷಯ ಮಾತ್ರ ಸೂತ್ರಕ್ಕೆ ಬಗ್ಗದು. ಅದನ್ನು ಬೆಣ್ಣೆಯ ಬಳಗಕ್ಕೆ ಸೇರಿಸಿ ಏಳು ದಿನದ ಔಷಧವೆನ್ನುವವರಿದ್ದಾರೆ, ಹಾಲಿನಿಂದಾದ ಆಹಾರವೆಂದು ತಳ್ಳಿಹಾಕುವವರೂ ಇದ್ದಾರೆ. ನನಗೆ ಎರಡನೆಯ ವಾದವೇ ಗಟ್ಟಿಯೆನಿಸುತ್ತದೆ, ಆದರೆ ಅದನ್ನು ನಿರ್ಣಯಿಸುವುದು ಆಯಾ ವಿಹಾರದ ಸಂಘಕ್ಕೆ ಬಿಟ್ಟದ್ದು.

ಈ ಸೂತ್ರವನ್ನು ನೆಚ್ಚಿಕೊಂಡವರು ಕಡೆಗಣಿಸುವ ಷರತ್ತು ಒಂದಿದೆ, ಅದನ್ನು ನಿಧಾನವಾಗಿ ನೋಡಬೇಕು. ಔಷಧವನ್ನು ಆಹಾರದೊಂದಿಗೆ ಬೆರೆಸಿ ನಡುಹಗಲಿನೊಳಗೆ ಸೇವಿಸಬಹುದು ಎನ್ನುವಾಗ ಮಹಾವಗ್ಗವು ಆ ಔಷಧವನ್ನು ‘ಅಂದೇ ಸ್ವೀಕರಿಸಿದ್ದು’ ಎಂದು ವಿಶೇಷಿಸುತ್ತದೆ. ಸೋಮವಾರ ಒಬ್ಬ ಭಿಕ್ಷು ಒಂದು ಜಾಡಿ ಜೇನನ್ನು ಸ್ವೀಕರಿಸಿದನೆನ್ನೋಣ. ವಿನಯದಲ್ಲಿ ದಿನ ಆರಂಭವಾಗುವುದು ಅರುಣೋದಯಕ್ಕೆ, ಸ್ವೀಕರಿಸಿದ ದಿನವೇ ಮೊದಲನೆಯ ದಿನ; ಆದ್ದರಿಂದ ಮುಂದಿನ ಸೋಮವಾರದ ಅರುಣೋದಯದವರೆಗೆ ಆ ಜಾಡಿ ಅವನಲ್ಲಿ ಇರಬಹುದು. ಬುಧವಾರ ಬೆಳಿಗ್ಗೆ ಪಾತ್ರೆಗೆ ಓಟ್ಸ್ ಗಂಜಿ ಬಿತ್ತು. ಗಂಜಿಯ ಮಿತಿ ನಡುಹಗಲು, ಜೇನಿನ ಮಿತಿ ಇನ್ನೂ ಮುಗಿದಿಲ್ಲ, ಎರಡರಲ್ಲಿ ಕಡಿಮೆಯದು ನಡುಹಗಲು, ಈಗಿನ್ನೂ ಬೆಳಿಗ್ಗೆ. ಸೂತ್ರದ ಪ್ರಕಾರ ಗಂಜಿಗೆ ಜೇನು ಹಾಕಿಕೊಳ್ಳಬಹುದು ಎಂದು ತೋರುತ್ತದೆ. ಆದರೆ ಹಾಕಿಕೊಳ್ಳುವಂತಿಲ್ಲ. ಜೇನನ್ನು ಏಳು ದಿನ ಇಟ್ಟುಕೊಳ್ಳಲು ಅನುಮತಿ ಸಿಕ್ಕಿರುವುದು ಅದು ಔಷಧವೆಂಬ ಕಾರಣಕ್ಕೆ. ಗಂಜಿಯೊಂದಿಗೆ ಬೆರೆತ ಗಳಿಗೆಯಲ್ಲಿ ಅದು ಆಹಾರವಾಗುತ್ತದೆ, ಮತ್ತು ಆಹಾರವೆಂದು ನೋಡಿದರೆ ಅದು ಸೋಮವಾರದಿಂದ ಕೂಡಿಟ್ಟ ಆಹಾರ. ಕೂಡಿಟ್ಟದ್ದನ್ನು ತಿನ್ನುವುದನ್ನು ಪಾಚಿತ್ತಿಯ 38 ನಿಷೇಧಿಸುತ್ತದೆ. ಈ ಷರತ್ತು ಇಲ್ಲದಿದ್ದರೆ ತುಪ್ಪ, ಬೆಲ್ಲ, ಎಣ್ಣೆಗಳನ್ನು ಔಷಧದ ಹೆಸರಿನಲ್ಲಿ ಸಂಗ್ರಹಿಸಿ ದಿನವೂ ಊಟಕ್ಕೆ ಬೆರೆಸಿಕೊಳ್ಳಬಹುದಾಗಿತ್ತು, ಕೂಡಿಡಬಾರದೆಂಬ ನಿಯಮ ಹೆಸರಿಗೆ ಮಾತ್ರ ಉಳಿಯುತ್ತಿತ್ತು. ಬುಧವಾರದ ಗಂಜಿಗೆ ಜೇನು ಬೇಕಿದ್ದರೆ, ಉಗ್ರಾಣದಲ್ಲಿರುವ, ಯಾವ ಭಿಕ್ಷುವೂ ಸ್ವೀಕರಿಸದ ಬೇರೊಂದು ಜಾಡಿಯಿಂದ ಗೃಹಸ್ಥರು ಅಂದೇ ಅರ್ಪಿಸಬೇಕು.

ಉಪ್ಪಿನದೂ ಇದೇ ಕಥೆ. ಜೀವನಪರ್ಯಂತ ಇಟ್ಟುಕೊಳ್ಳಬಹುದಾದ ಉಪ್ಪನ್ನು ನಿನ್ನೆ ಸ್ವೀಕರಿಸಿದ್ದರೆ ಇಂದಿನ ಊಟಕ್ಕೆ ಬೆರೆಸುವಂತಿಲ್ಲ. ಆದ್ದರಿಂದ ಆಹಾರಕ್ಕೆ ಬೆರೆಸುವಾಗ ಸೂತ್ರವನ್ನು ಎರಡು ಮೆಟ್ಟಿಲಾಗಿ ನೆನಪಿಡುವುದು ಒಳ್ಳೆಯದು: ಮೊದಲು ‘ಬೆರೆಯುವುದೆಲ್ಲ ಇಂದೇ ಸ್ವೀಕರಿಸಿದ್ದೇ?’ ಎಂದು ಕೇಳಬೇಕು, ಹೌದಾದರೆ ಮಾತ್ರ ‘ಯಾವುದರ ಮಿತಿ ಕಡಿಮೆ?’ ಎಂಬ ಪ್ರಶ್ನೆಗೆ ಹೋಗಬೇಕು.

ಇಂಗ್ಲೆಂಡಿನ ಅಕ್ಷಾಂಶ ಈ ಲೆಕ್ಕಕ್ಕೆ ಇನ್ನೊಂದು ತಿರುವು ಕೊಡುತ್ತದೆ. ನಡುಹಗಲೆಂದರೆ ಸೂರ್ಯ ನೆತ್ತಿಯ ರೇಖೆ ದಾಟುವ ಹೊತ್ತು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ ಲಂಡನ್ನಿನ ಆಸುಪಾಸಿನಲ್ಲಿ ಅದು ಸುಮಾರು ಒಂದು ಗಂಟೆಗೆ ಬೀಳುತ್ತದೆ. ಅರುಣೋದಯ ಜೂನ್‌ನಲ್ಲಿ ನಾಲ್ಕು ಗಂಟೆಯ ಸುಮಾರಿಗೆ, ಡಿಸೆಂಬರ್‌ನಲ್ಲಿ ಏಳು ದಾಟಿದ ಮೇಲೆ. ಸಂಜೆ ಸ್ವೀಕರಿಸಿದ ಒಂದೇ ಲೋಟ ರಸಕ್ಕೆ ಚಳಿಗಾಲದಲ್ಲಿ ಮೂರು ಗಂಟೆ ಹೆಚ್ಚು ಆಯುಷ್ಯ.

ಬೀಜವಿರುವ ಹಣ್ಣು

ಗಿಡಮರಗಳಿಗೆ ಹಾನಿ ಮಾಡಬಾರದೆಂಬ ಪಾಚಿತ್ತಿಯ 11 ಮೊಳೆಯಬಲ್ಲ ಬೀಜದವರೆಗೂ ಚಾಚಿಕೊಂಡಿರುವುದರಿಂದ, ಟೊಮ್ಯಾಟೊ, ದ್ರಾಕ್ಷಿಗಳಂಥವನ್ನು ಅರ್ಪಿಸುವಾಗ ಭಿಕ್ಷು ‘ಕಪ್ಪಿಯಂ ಕರೋಹಿ’ (ಇದನ್ನು ಯೋಗ್ಯವಾಗಿಸು) ಎನ್ನುತ್ತಾನೆ. ಗೃಹಸ್ಥರು ಒಂದು ಹಣ್ಣನ್ನು ಚಾಕುವಿನಿಂದಲೋ ಉಗುರಿನಿಂದಲೋ ಗೀರಿ ‘ಕಪ್ಪಿಯಂ ಭಂತೇ’ (ಯೋಗ್ಯವಾಗಿದೆ, ಪೂಜ್ಯರೇ) ಎನ್ನುತ್ತಾರೆ. ಹಣ್ಣುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದನ್ನು ಗೀರಿದರೆ ಸಾಕು.

ಹಣ

ನಿಸ್ಸಗ್ಗಿಯ (ಮುರಿದರೆ ವಸ್ತುವನ್ನು ಬಿಟ್ಟುಕೊಟ್ಟು ತಪ್ಪೊಪ್ಪಿಕೊಳ್ಳಬೇಕಾದ ನಿಯಮಗಳ ಗುಂಪು) 18ರ ಪ್ರಕಾರ ಭಿಕ್ಷು ಹಣ ಸ್ವೀಕರಿಸುವಂತಿಲ್ಲ, ತನ್ನ ಪರವಾಗಿ ಸ್ವೀಕರಿಸಲು ಒಪ್ಪುವಂತೆಯೂ ಇಲ್ಲ. ಕಾಣಿಕೆ ಟ್ರಸ್ಟಿಗೆ ಹೋಗುತ್ತದೆ, ಸೂರು, ವಿದ್ಯುತ್ತು, ಪ್ರಯಾಣದ ಖರ್ಚನ್ನು ಗೃಹಸ್ಥ ವಿಶ್ವಸ್ತರು ನೋಡಿಕೊಳ್ಳುತ್ತಾರೆ. ಬೋಧನೆಗೆ ಶುಲ್ಕವಿಲ್ಲ, ಪುಸ್ತಕಗಳನ್ನು ಉಚಿತವಾಗಿ ಹಂಚುತ್ತಾರೆ.

ಮಹಿಳೆಯರು ಮತ್ತು ಚಳಿಗಾಲ

1979ರಲ್ಲಿ ನಾಲ್ವರು ಮಹಿಳೆಯರು ಚಿತರ್ಸ್ಟ್‌ನಲ್ಲಿ ಎಂಟು ಶೀಲಗಳ ಅನಾಗಾರಿಕೆಯರಾದರು. 1983ರಲ್ಲಿ ಅವರಿಗೆ ಹತ್ತು ಶೀಲಗಳ ದೀಕ್ಷೆಯೂ ಕಂದು ಚೀವರವೂ (ಸಂನ್ಯಾಸದ ಉಡುಪು) ದೊರೆತು ಸೀಲಧರಾ ಪಂಥ ಆರಂಭವಾಯಿತು. ಹತ್ತನೆಯ ಶೀಲವೇ ಹಣ ಮುಟ್ಟದಿರುವುದು. ಆದ್ದರಿಂದ ಆ ದಿನದಿಂದ ಅವರು ಸಹಾಯ ಮಾಡುವವರ ಸಾಲಿನಿಂದ ಸಹಾಯ ಪಡೆಯುವವರ ಸಾಲಿಗೆ ಬಂದರು. ಆದರೆ ಇದು ಭಿಕ್ಷುಣಿಯ ಪೂರ್ಣ ದೀಕ್ಷೆಯಾದ ಉಪಸಂಪದೆಯಲ್ಲ. 2009ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇದೇ ಪರಂಪರೆಯ ಅಜಾನ್ ಬ್ರಹ್ಮ್ ಅವರ ನೇತೃತ್ವದಲ್ಲಿ ಭಿಕ್ಷುಣಿ ದೀಕ್ಷೆ ನಡೆದಾಗ, ಅವರ ಬೋಧಿಜ್ಞಾನ ವಿಹಾರವನ್ನು ಥಾಯ್ಲೆಂಡಿನ ಮಾತೃವಿಹಾರ ತನ್ನ ಶಾಖೆಗಳ ಪಟ್ಟಿಯಿಂದ ಕೈಬಿಟ್ಟಿತು. ಮಧ್ಯಾಹ್ನದ ಚಾಕೊಲೇಟಿಗೆ ತೋರಿಸುವ ವ್ಯಾಖ್ಯಾನದ ಉದಾರತೆಯನ್ನು ಇಲ್ಲಿ ತೋರಿಸಲಿಲ್ಲವೆಂಬ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಅಭಿಪ್ರಾಯ.

ವಸ್ಸ ಎಂಬ ಮೂರು ತಿಂಗಳ ಮಳೆಗಾಲದ ವಾಸವನ್ನು ಇಂಗ್ಲೆಂಡಿನಲ್ಲಿಯೂ ಜುಲೈನಿಂದ ಅಕ್ಟೋಬರ್‌ವರೆಗೆ ಆಚರಿಸುತ್ತಾರೆ. ಅದು ಅಲ್ಲಿ ಬೇಸಿಗೆ. ಅತಿಥಿಗಳು ಬರುವ ಕಾಲ, ಕಟ್ಟಡ ದುರಸ್ತಿಯ ಕಾಲ. ಆದ್ದರಿಂದ ಜನವರಿಯಿಂದ ಮಾರ್ಚ್‌ವರೆಗಿನ ಚಳಿಗಾಲವನ್ನು ಮೌನಧ್ಯಾನಕ್ಕೆ ಮೀಸಲಿಟ್ಟಿದ್ದಾರೆ. ಆಗ ಸ್ವಯಂಸೇವಕ ಗೃಹಸ್ಥರು ಬಂದು ಉಳಿದು ಅಡುಗೆಮನೆಯನ್ನೂ ಕಚೇರಿಯನ್ನೂ ನಡೆಸುತ್ತಾರೆ. ಯಾವ ಜಾಡಿಯನ್ನು ಯಾರಿಗೆ ಯಾವಾಗ ಅರ್ಪಿಸಲಾಯಿತು, ಯಾವುದು ಇನ್ನೂ ಉಗ್ರಾಣದ್ದು ಎಂಬ ಲೆಕ್ಕವನ್ನು ಆ ತಿಂಗಳುಗಳಲ್ಲಿ ಅವರೇ ಇಟ್ಟುಕೊಳ್ಳಬೇಕಾಗುತ್ತದೆ. ಸಂಜೆಯ ತಟ್ಟೆಯಲ್ಲಿ ಹಾಲಿನ ಚಾಕೊಲೇಟ್ ಬಂದಿದ್ದರೆ ಭಿಕ್ಷು ಅದನ್ನು ಮುಟ್ಟದೆ ಮುಂದಕ್ಕೆ ಸಾಗಿಸುತ್ತಾನೆ.