ಬ್ಲೌಸ್ ಬಿಚ್ಚಿ ಹೊಲಿಯುವ ಮೊದಲು

ಶಿರಸಿಯಲ್ಲಿ ಬ್ಲೌಸ್ ಹೊಲಿಯುವವರಿಗೆ ಎರಡು ವರ್ಷಕ್ಕೊಮ್ಮೆ ನಿದ್ದೆ ಇರುವುದಿಲ್ಲ. ಮಾರಿಕಾಂಬಾ ಜಾತ್ರೆ ಹತ್ತಿರ ಬಂತೆಂದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸೀರೆ ಕವರುಗಳು. ಅಂಥ ಗಡಿಬಿಡಿಯಲ್ಲಿ ಒಬ್ಬ ಹುಡುಗಿ ಒಂದೇ ಬ್ಲೌಸನ್ನು ಮೂರು ಸಲ ವಾಪಸ್ ತಂದಳು. "ಅಕ್ಕಾ, ಎದೆ ಹತ್ರ ನೆರಿಗೆ ಬೀಳ್ತು. ಎಂತ ಮಾಡದು?" ಎರಡು ಸಲ ಬಿಚ್ಚಿ ಹೊಲಿದಿದ್ದೆ. ಮೂರನೇ ಸಲ ಕತ್ತರಿ ಕೆಳಗಿಟ್ಟು, ಪರದೆ ಎಳೆದು, ಅವಳ ಬ್ರಾ ಹೇಗೆ ಕೂತಿದೆ ಅಂತ ನೋಡಿದೆ. ಹಿಂದಿನ ಹುಕ್ಕು ಬೆನ್ನಿನ ಅರ್ಧಕ್ಕೆ ಏರಿ ಕೂತಿತ್ತು. ನನ್ನ ಹೊಲಿಗೆ ಪಾಪ ಏನು ಮಾಡೀತು?

"ಸೈಜ್ ಎಷ್ಟು?" ಅಂದೆ. 36ಬಿ ಅಂದಳು. ಅಳತೆ ತೆಗೆದದ್ದು ಯಾರು ಅಂದರೆ ಯಾರೂ ಇಲ್ಲ. ಬ್ಲೌಸ್ 36 ಅಲ್ವಾ, ಅದನ್ನೇ ಅಂಗಡಿಯಲ್ಲಿ ಹೇಳಿದ್ದಳು. ಅವರು ಡಬ್ಬಿ ತೆಗೆದು, ಪೇಪರಿನಲ್ಲಿ ಸುತ್ತಿ, ಯಾರೂ ನೋಡದ ಹಾಗೆ ಕೈಗೆ ಕೊಟ್ಟಿದ್ದರು.

ತಪ್ಪಾಗುವುದು ಇಲ್ಲೇ. ನಾವು ಬ್ಲೌಸಿಗೆ ತೆಗೆಯುವುದು ಎದೆಯ ತುಂಬು ಭಾಗದ ಸುತ್ತಳತೆ. ಬ್ರಾದ ನಂಬರ್ ಹುಟ್ಟುವುದು ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ತೆಗೆದ ಅಳತೆಯಿಂದ. ಎರಡೂ ಬೇರೆ ಬೇರೆ ಜಾಗ.

ಮನೆಯಲ್ಲೇ ಅಳೆದುಕೊಳ್ಳಬಹುದು. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿ ಕನ್ನಡಿ ಎದುರು ನಿಲ್ಲಿ. ಎದೆಯ ಕೆಳಗೆ ಟೇಪನ್ನು ಸುತ್ತಿ, ಉಸಿರು ಬಿಟ್ಟು, ಮೈಗೆ ಹತ್ತುವಷ್ಟು ಬಿಗಿ ಮಾಡಿ ಇಂಚು ನೋಡಿ. ಬೆನ್ನ ಕಡೆ ಟೇಪು ಜಾರಿರಬಾರದು, ಜಾಸ್ತಿ ಜನ ತಪ್ಪುವುದು ಅಲ್ಲೇ. ಆಮೇಲೆ ಎದೆಯ ತುಂಬು ಭಾಗದ ಮೇಲೆ, ಬಿಗಿ ಮಾಡದೆ, ಇನ್ನೊಂದು ಅಳತೆ. ಎರಡರ ವ್ಯತ್ಯಾಸ ಒಂದು ಇಂಚಾದರೆ ಎ ಕಪ್, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. ಆ ಹುಡುಗಿಗೆ ಕೆಳಗೆ 32, ಮೇಲೆ 35 ಬಂತು. ಅಂದರೆ 32ಸಿ. ಒಂದು ಎಚ್ಚರಿಕೆ: ಕೆಲವು ಕಂಪನಿಗಳ ಚಾರ್ಟಿನಲ್ಲಿ ಕೆಳಗಿನ ಅಳತೆಗೆ ನಾಲ್ಕೈದು ಇಂಚು ಕೂಡಿಸಿ ನಂಬರ್ ಕೊಟ್ಟಿರುತ್ತಾರೆ. ಹಾಗಾಗಿ ನಂಬರ್ ಬಾಯಿಪಾಠ ಮಾಡುವುದಕ್ಕಿಂತ ನಿಮ್ಮ ಎರಡು ಇಂಚುಗಳನ್ನು ನೆನಪಿಟ್ಟುಕೊಂಡು ಡಬ್ಬಿಯ ಮೇಲಿನ ಚಾರ್ಟ್ ನೋಡಿ.

ಸಿ ಅಂದ ಕೂಡಲೇ ಅವಳು ಗಾಬರಿಯಾದಳು. "ಅಷ್ಟು ದೊಡ್ಡದಾ?" ಈ ಗಾಬರಿ ನಾನು ದಿನಾ ನೋಡುತ್ತೇನೆ. ಅಕ್ಷರಕ್ಕೆ ಒಂಟಿಯಾಗಿ ಅರ್ಥವಿಲ್ಲ. 32ಸಿ, 34ಬಿ, 36ಎ ಮೂರರ ಕಪ್ಪೂ ಹಿಡಿಯುವುದು ಹೆಚ್ಚುಕಡಿಮೆ ಒಂದೇ. ಬದಲಾಗುವುದು ಸುತ್ತಿನ ಪಟ್ಟಿಯ ಉದ್ದ. ಇದು ಗೊತ್ತಿದ್ದರೆ ಅಂಗಡಿಯಲ್ಲೂ ಉಪಯೋಗ. ಕಪ್ ಸರಿ ಇದ್ದು ಪಟ್ಟಿ ಮಾತ್ರ ಬಿಗಿ ಎನಿಸಿದರೆ ನಂಬರಿನಲ್ಲಿ ಒಂದು ಮೆಟ್ಟಿಲು ಮೇಲೆ, ಅಕ್ಷರದಲ್ಲಿ ಒಂದು ಮೆಟ್ಟಿಲು ಕೆಳಗೆ. ಪಟ್ಟಿ ಸಡಿಲ ಎನಿಸಿದರೆ ತಿರುಗಾಮುರುಗ.

ಸುತ್ತಿನ ಪಟ್ಟಿಗೇ ಯಾಕೆ ಇಷ್ಟು ಮಹತ್ವ ಅಂದರೆ, ಭಾರದ ಹೆಚ್ಚಿನ ಪಾಲನ್ನು ಹೊರುವುದು ಅದೇ. ನೀರಿನ ಕೊಡ ಸೊಂಟದ ಮೇಲೆ ಸರಿಯಾಗಿ ಕೂತಿದ್ದರೆ ಕೈ ಸುಮ್ನೆ ಹಿಡಿದುಕೊಂಡಿರುತ್ತದೆ. ಕೊಡ ಸೊಂಟದಿಂದ ಜಾರಿತೋ, ಪೂರ್ತಿ ಭಾರ ಕೈಗೆ. ಹೆಗಲ ಪಟ್ಟಿಯ ಕೆಲಸ ಆ ಕೈಯ ಹಾಗೆ. ಸುತ್ತಿನ ಪಟ್ಟಿ ಸಡಿಲವಾದರೆ ಮುಂದಿನ ಭಾರ ಕೆಳಗೆ ಎಳೆಯುತ್ತದೆ, ಹಿಂದೆ ಹುಕ್ಕು ಮೇಲೆ ಏರುತ್ತದೆ. ಆಗ ನಾವು ಮಾಡುವುದೇನು? ಹೆಗಲ ಪಟ್ಟಿ ಬಿಗಿ ಮಾಡುತ್ತೇವೆ. ಅದು ಹಿಂದಿನದನ್ನು ಇನ್ನೂ ಮೇಲೆ ಎಳೆಯುತ್ತದೆ.

ಅಡಿಕೆ ಸುಲಿಯಲು ಹೋಗುವ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ. ಬ್ರಾಗೆ ಬಾಡಿ ಅನ್ನುವ ಕಾಲದವರು. ದಿನವಿಡೀ ಬಗ್ಗಿ ಕೂತು ಕೆಲಸ. ಹೆಗಲಲ್ಲಿ ಎರಡೂ ಕಡೆ ಪಟ್ಟಿ ಕೊರೆದು ಗುಳಿ ಬಿದ್ದಿತ್ತು. ನೋವಾಗದಿರಲಿ ಅಂತ ಪಟ್ಟಿಯ ಕೆಳಗೆ ಕರ್ಚೀಫು ಮಡಚಿ ಇಟ್ಟುಕೊಳ್ಳುತ್ತಿದ್ದರು. ಅವರಿಗೆ ಸುತ್ತಿನ ಪಟ್ಟಿ ಎರಡು ಸೈಜ್ ಕಡಿಮೆ ಮಾಡಿ, ಕಪ್ ಅದಕ್ಕೆ ತಕ್ಕಂತೆ ಏರಿಸಿ, ಅಗಲ ಹೆಗಲ ಪಟ್ಟಿಯ ಪೂರ್ತಿ ಮುಚ್ಚುವ ಹತ್ತಿಯ ಬ್ರಾ ಕೊಟ್ಟೆ. ಮೊದಲ ದಿನ ಬಿಗಿ ಎಂದು ಬೈದರು. ಮುಂದಿನ ವಾರ ತಂಗಿಯನ್ನು ಕರೆದುಕೊಂಡು ಬಂದರು.

ಬಿಗಿ ಎಷ್ಟಿರಬೇಕು? ಹಿಂದಿನ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಹೊಸ ಬ್ರಾವನ್ನು ಎಲ್ಲಕ್ಕಿಂತ ಸಡಿಲದ ಹುಕ್ಕಿಗೆ ಹಾಕಿದಾಗ ಸರಿಯಾಗಬೇಕು. ಒಳಗಿನ ಹುಕ್ಕುಗಳು ಇರುವುದು ಇಲಾಸ್ಟಿಕ್ ಹಿಗ್ಗಿದ ಮೇಲೆ ಬಳಸಲು. ಮೊದಲ ದಿನವೇ ಎಲ್ಲಕ್ಕಿಂತ ಬಿಗಿಯ ಹುಕ್ಕಿಗೆ ಹೋದರೆ ಮುಂದೆ ದಾರಿ ಇಲ್ಲ.

ಹಾಕಿಕೊಳ್ಳುವ ರೀತಿಯೂ ಇದೆ. ಹುಕ್ಕು ಹಾಕಿದ ಮೇಲೆ ಸ್ವಲ್ಪ ಮುಂದೆ ಬಗ್ಗಿ, ಕಂಕುಳ ಕಡೆ ಸರಿದದ್ದನ್ನು ಕೈಯಿಂದ ಕಪ್ಪಿನೊಳಗೆ ತನ್ನಿ. ಇಷ್ಟು ಮಾಡಿದ ಮೇಲೆ ಮೇಲಿನಿಂದಲೋ ಪಕ್ಕದಿಂದಲೋ ಉಬ್ಬಿ ಹೊರಬಂದರೆ ಕಪ್ ಸಣ್ಣದು. ಬ್ಲೌಸಿನ ಮೇಲೆ ಎರಡು ಗುಡ್ಡದ ಬದಲು ನಾಲ್ಕು ಕಾಣುವುದು ಇದಕ್ಕೇ. ಕಪ್ಪಿನ ಮೇಲ್ಭಾಗ ಖಾಲಿ ಬಿದ್ದು ಸುಕ್ಕಾದರೆ ಕಪ್ ದೊಡ್ಡದು, ಇಲ್ಲವೇ ಅದರ ಆಕಾರ ನಿಮ್ಮದಲ್ಲ. ಜಾತ್ರೆ ಹುಡುಗಿಯ ನೆರಿಗೆ ಬಂದದ್ದು ಹೀಗೆ. ಅಂಡರ್‌ವೈರ್ ಇರುವುದಾದರೆ ತಂತಿ ಎದೆಯ ಬುಡದ ಮಡಿಕೆಯಲ್ಲಿ ಕೂರಬೇಕು, ಮಧ್ಯದ ತುಂಡು ಎದೆಮೂಳೆಗೆ ಅಂಟಬೇಕು. ತಂತಿ ಎದೆಯ ಮೇಲೇ ಹತ್ತಿ ಕೂತರೆ ಎಷ್ಟೇ ದುಡ್ಡು ಕೊಟ್ಟ ಬ್ರಾ ಆಗಲಿ, ಬಿಡಿ.

ಹೆಗಲ ಪಟ್ಟಿ ಸದಾ ಜಾರುತ್ತದೆ ಎನ್ನುವವರಲ್ಲಿ ಕೆಲವರಿಗೆ ಹೆಗಲೇ ಇಳಿಜಾರು. ಅವರು ಹಿಂದೆ ಪಟ್ಟಿಗಳು ಹತ್ತಿರ ಬರುವ ಮಾದರಿ ನೋಡಲಿ. ಇನ್ನು, ಒಂದು ಕಡೆ ಸ್ವಲ್ಪ ದೊಡ್ಡದು, ಇನ್ನೊಂದು ಸಣ್ಣದು ಅಂತ ಪಿಸುಗುಟ್ಟುವವರು ತುಂಬ. ಅದು ಮಾಮೂಲಿ. ದೊಡ್ಡದಕ್ಕೆ ಸರಿಯಾಗುವುದನ್ನು ತಗೊಂಡು, ಸಣ್ಣ ಕಡೆಯ ಪಟ್ಟಿ ತುಸು ಬಿಗಿ ಮಾಡಿ. ಆದರೆ ಇದ್ದಕ್ಕಿದ್ದಂತೆ ಒಂದು ಕಡೆ ಬದಲಾದರೆ, ಗಂಟು ಸಿಕ್ಕಿದರೆ, ತೊಟ್ಟಿನಿಂದ ಏನಾದರೂ ಒಸರಿದರೆ ಟೈಲರ್ ಹತ್ತಿರ ಬರಬೇಡಿ, ಡಾಕ್ಟರ್ ಹತ್ತಿರ ಹೋಗಿ. ತಂತಿಯಿಂದ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸಾಪ್ ಮಾತನ್ನು ಮಾತ್ರ ತಲೆಗೆ ಹಾಕಿಕೊಳ್ಳಬೇಡಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ 55ರಿಂದ 74 ವರ್ಷದ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ ನೋಡಿದಾಗ ಅಂಥ ಸಂಬಂಧ ಸಿಗಲಿಲ್ಲ.

ಘಟ್ಟದ ಕೆಳಗೆ, ಕುಮಟಾ ಹೊನ್ನಾವರ ಕಡೆಯಿಂದ ಬರುವವರ ದೂರು ಬೇರೆ. ಸೆಕೆಗೆ ಎದೆಯ ಕೆಳಗೆ ಬೆವರು ನಿಂತು ತುರಿಕೆ, ಕೆಂಪು. ಹತ್ತಿಯದೇ ಹಾಕಿ, ಬೆವರಿದ್ದನ್ನು ಮಧ್ಯಾಹ್ನಕ್ಕೇ ಬದಲಿಸಿ, ಮಡಿಕೆಯನ್ನು ಒರೆಸಿ ಒಣಗಿಸಿ. ಅಷ್ಟಕ್ಕೂ ಹೋಗದಿದ್ದರೆ ಅದು ಫಂಗಸ್ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಘಟ್ಟದ ಮೇಲೆ ನಮ್ಮ ಶತ್ರು ಮಳೆ. ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಬ್ರಾ ಅಂತೂ ಮಾವ ಭಾವ ನೋಡಿಬಿಡುತ್ತಾರೆಂದು ಟವೆಲಿನ ಅಡಿಗೆ ಹೋಗುತ್ತದೆ. ಅಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಇಲ್ಲದಿದ್ದರೆ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಏರುತ್ತದೆ. ಬೆಂಕಿಯ ಕಾವಿಗೆ ಇಲಾಸ್ಟಿಕ್ ಸತ್ತೇ ಹೋಗುತ್ತದೆ. ಹಿಂಡಿ ತಿರುಚಬೇಡಿ, ಟವೆಲಿನಲ್ಲಿ ಒತ್ತಿ ನೀರು ತೆಗೆದು, ರೂಮಿನಲ್ಲಿ ಫ್ಯಾನಿನ ಕೆಳಗೆ ಹಾಕಿ. ಮೂರು ಇದ್ದರೆ ಒಂದು ಮೈಮೇಲೆ, ಒಂದು ಒಣಗಲು, ಒಂದು ಪೆಟ್ಟಿಗೆಯಲ್ಲಿ. ಒಂದನ್ನೇ ದಿನಾ ಹಾಕಿದರೆ ಇಲಾಸ್ಟಿಕ್‌ಗೆ ಬಿಡುವೇ ಇರುವುದಿಲ್ಲ.

ಆ ಹುಡುಗಿಗೆ 32ಸಿ ಹಾಕಿಸಿ, ಅದೇ ಬ್ಲೌಸ್ ತೊಡಿಸಿದೆ. ನೆರಿಗೆ ಹೋಯಿತು. ಎರಡು ಸಲ ಬಿಚ್ಚಿದ ಹೊಲಿಗೆಯಲ್ಲಿ ಒಂದನ್ನು ಮಾತ್ರ ಮತ್ತೆ ಹಾಕಬೇಕಾಯಿತು. ಮುಂದಿನ ಜಾತ್ರೆಗೆ ಅಳತೆ ಕೊಡಲು ಬರುವವರು, ಆ ಬ್ಲೌಸಿನ ಒಳಗೆ ಹಾಕುವ ಬ್ರಾವನ್ನೇ ಹಾಕಿಕೊಂಡು ಬನ್ನಿ. ಸೀರೆ ಆಮೇಲೆ ತಂದರೂ ನಡೆಯುತ್ತದೆ.