ಹಾಳೆ ಒಂದೇ, ಫಲ ಮಾತ್ರ ಬೇರೆ ಬೇರೆ: ಆಸ್ಪತ್ರೆ ಚೆಕ್‌ಲಿಸ್ಟ್‌ನ ಕತೆ

ಐಸಿಯುನಲ್ಲಿ ಮಲಗಿದವರ ಕುತ್ತಿಗೆಯ ಪಕ್ಕ ಒಂದು ತೆಳು ಪೈಪು ಹಾಕಿರುವುದನ್ನು ನೋಡಿರಬಹುದು. ಅದಕ್ಕೆ ಸೆಂಟ್ರಲ್ ಲೈನ್ ಅಂತಾರೆ. ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೂ ಅದು ಹೋಗುತ್ತದೆ. ಔಷಧಿ ಹೋಗುವ ಅದೇ ದಾರಿಯಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಕೂಡ ಒಳಗೆ ಹೋದರೆ ಸೋಂಕು ನೇರವಾಗಿ ರಕ್ತಕ್ಕೇ ಸೇರುತ್ತದೆ. ತುಂಬಾ ವರ್ಷ ಇದನ್ನು ‘ಐಸಿಯು ಅಂದ್ಮೇಲೆ ಇದೆಲ್ಲ ಇದ್ದದ್ದೇ’ ಅಂತಲೇ ನೋಡುತ್ತಿದ್ದರು. ಸೋಂಕು ಬಂತಾ, ಅದು ರೋಗಿಯ ಹಣೆಬರಹ.

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ತಂದಿತು. ವೈದ್ಯಕೀಯ ತಪ್ಪುಗಳಿಂದ ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆ ಅಂತ ಅದರ ಅಂದಾಜು. ಲೆಕ್ಕ ಸರಿಯಾ ತಪ್ಪಾ ಅಂತ ದೊಡ್ಡ ಜಗಳವೇ ನಡೆಯಿತು. ಆದರೆ ವರದಿಯ ಇನ್ನೊಂದು ಮಾತು ಉಳಿದುಕೊಂಡಿತು: ಒಬ್ಬ ಡಾಕ್ಟರನ್ನೋ ನರ್ಸನ್ನೋ ಹಿಡಿದು ಶಿಕ್ಷಿಸಿದರೆ ಇದು ನಿಲ್ಲುವುದಿಲ್ಲ, ಒಳ್ಳೆಯವರೂ ತಪ್ಪು ಮಾಡುವ ಹಾಗೆ ಕೆಲಸದ ಏರ್ಪಾಡೇ ಇದೆ.

2001ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಐಸಿಯು ವೈದ್ಯ ಪೀಟರ್ ಪ್ರೊನೊವೊಸ್ಟ್ ಒಂದು ಹಾಳೆಯಲ್ಲಿ ಐದೇ ಐದು ಅಂಶ ಬರೆದರು. ಕೈ ತೊಳೆಯಿರಿ. ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಿವಾರಕದಿಂದ ಒರೆಸಿ. ಗೌನು, ಮಾಸ್ಕು, ಗ್ಲೌಸು ಹಾಕಿ ರೋಗಿಯ ಮೈಗೆ ಪೂರ್ತಿ ಬಟ್ಟೆ ಹೊದಿಸಿ. ಆದಷ್ಟೂ ತೊಡೆಸಂದಿಯ ರಕ್ತನಾಳ ಬೇಡ. ಕೆಲಸ ಮುಗಿದ ಲೈನನ್ನು ತೆಗೆದುಬಿಡಿ. ಇದರಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದೂ ಇಲ್ಲ, ಅಲ್ವಾ? ಆದರೂ ನರ್ಸ್‌ಗಳು ಒಂದು ತಿಂಗಳು ಸುಮ್ನೆ ನಿಂತು ಗಮನಿಸಿದಾಗ, ಮೂರರಲ್ಲಿ ಒಂದಕ್ಕಿಂತ ಜಾಸ್ತಿ ರೋಗಿಗಳ ವಿಷಯದಲ್ಲಿ ಡಾಕ್ಟರುಗಳು ಏನಾದರೊಂದು ಬಿಟ್ಟೇ ಬಿಟ್ಟಿದ್ದರು.

ಮುಂದೆ ಮಾಡಿದ ಕೆಲಸವೇ ಈ ಕತೆಯ ಜೀವ. ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ‘ನಿಲ್ಲಿಸಿ’ ಅನ್ನುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು, ಆಡಳಿತ ಅವರ ಬೆನ್ನಿಗೆ ನಿಂತಿತು. ಅದರ ಜೊತೆಗೇ, ನಾಲ್ಕಾರು ಕಡೆ ಹುಡುಕಿ ತರಬೇಕಿದ್ದ ಸಾಮಾನನ್ನೆಲ್ಲ ಒಂದೇ ಗಾಡಿಯಲ್ಲಿ ಜೋಡಿಸಿಟ್ಟರು, ಯಾಕೆಂದರೆ ಎಮರ್ಜೆನ್ಸಿಯಲ್ಲಿ ಗೌನು ಹುಡುಕಿಕೊಂಡು ಸ್ಟೋರ್ ರೂಮಿಗೆ ಓಡುವವರು ಯಾರೂ ಇರುವುದಿಲ್ಲ. ಲೈನ್ ಸೋಂಕು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು.

ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಗಿದ್ದು ಎಲ್ಲ ಕಡೆ ಆದೀತಾ? ಮಿಷಿಗನ್ ರಾಜ್ಯದ ನೂರಕ್ಕೂ ಜಾಸ್ತಿ ಐಸಿಯುಗಳಲ್ಲಿ ಮಾಡಿ ನೋಡಿದರು. 2006ರಲ್ಲಿ ಫಲಿತಾಂಶ ಬಂತು: ಮೊದಲು ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಅದು ಒಂದು ಲೈನ್-ದಿನ) 2.7ರಷ್ಟಿದ್ದ ಸೋಂಕಿನ ಮಧ್ಯಾಂಕ, ಅಂದರೆ ಎಲ್ಲ ಐಸಿಯುಗಳ ಅಂಕಿಯನ್ನು ಸಾಲಾಗಿಟ್ಟರೆ ನಟ್ಟನಡುವೆ ಬರುವ ಅಂಕಿ, ಮೂರೇ ತಿಂಗಳಲ್ಲಿ ಸೊನ್ನೆಯಾಗಿತ್ತು. ತಮಾಷೆ ಏನಂದರೆ, ಇದು ಮನುಷ್ಯರ ಮೇಲಿನ ಸಂಶೋಧನೆ, ಅದಕ್ಕೆ ಸರಿಯಾದ ಅನುಮತಿ ಪಡೆದಿಲ್ಲ ಅಂತ ಅಮೆರಿಕದ ಸರ್ಕಾರಿ ಕಚೇರಿಯೊಂದು 2007ರಲ್ಲಿ ತಕರಾರು ತೆಗೆದು ಕೆಲಸ ನಿಲ್ಲಿಸಿತ್ತು. ಕೈ ತೊಳೆಯಿರಿ ಅಂದದ್ದಕ್ಕೆ! ಮುಂದಿನ ವರ್ಷದ ಆರಂಭದಲ್ಲಿ ತಕರಾರು ವಾಪಸ್ ತೆಗೆದುಕೊಂಡರು.

ಅಲ್ಲಿಂದ ಚೆಕ್‌ಲಿಸ್ಟ್‌ಗೆ ಸುಗ್ಗಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆ ಅಂತ ಒಂದು ಪಟ್ಟಿ ತಂದಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅದೇ ಪಟ್ಟಿಯನ್ನು ಎಲ್ಲ ಆಸ್ಪತ್ರೆಗೂ ಕಡ್ಡಾಯ ಮಾಡಿದರು, 2014ರಲ್ಲಿ ಲೆಕ್ಕ ಹಾಕಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. ಮೇಲಿಂದ ಆದೇಶ ಬಂದರೆ ಕೆಳಗೆ ಟಿಕ್ ಬೀಳುತ್ತದೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ ಬಿಡಿ, ಅಟೆಂಡೆನ್ಸ್ ರಿಜಿಸ್ಟರ್ ನೋಡಿ ಬೆಳೆದವರು ನಾವು.

ನಮ್ಮ ರಾಜ್ಯ ಈ ಕತೆಯೊಳಗೆ ಬರುವುದು ಹೆರಿಗೆ ಕೋಣೆಯ ಮೂಲಕ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್‌ನಲ್ಲಿ ನಾಲ್ಕು ನಿಲ್ದಾಣ: ದಾಖಲಾದಾಗ, ಹೆರಿಗೆಗೆ ಸ್ವಲ್ಪ ಮುಂಚೆ, ಮಗು ಹುಟ್ಟಿದ ಒಂದು ತಾಸಿನೊಳಗೆ, ಮನೆಗೆ ಕಳಿಸುವ ಮುನ್ನ. ಅದನ್ನು ಮೊದಮೊದಲು ಬಳಸಿ ನೋಡಿದ ಜಾಗಗಳಲ್ಲಿ ಕರ್ನಾಟಕದ ಒಂದು ತಾಲೂಕು ಮಟ್ಟದ ಹೆರಿಗೆ ಕೇಂದ್ರವೂ ಸೇರಿದೆ. 2012ರಲ್ಲಿ ಬಂದ ವರದಿ ಪ್ರಕಾರ, ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25 ಆದವು. ಆದರೆ ಒಂದು ಕೇಂದ್ರದಲ್ಲಿ ಕೆಲವು ತಿಂಗಳು ನೋಡಿ ಸಾವು ಕಡಿಮೆಯಾಯಿತಾ ಅಂತ ಹೇಳುವುದಕ್ಕೆ ಬರುವುದಿಲ್ಲ.

ಅದಕ್ಕೇ ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರಯೋಗ ಮಾಡಿದರು. 120 ಆಸ್ಪತ್ರೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ತಾಯಂದಿರು. ಅರ್ಧ ಆಸ್ಪತ್ರೆಗಳಿಗೆ ಚೆಕ್‌ಲಿಸ್ಟ್ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಸುವ ಕೋಚ್‌ಗಳನ್ನು ಎಂಟು ತಿಂಗಳು ಕಳಿಸಿದರು. 2017ರ ಫಲಿತಾಂಶ ನಿರಾಸೆಯದ್ದು. ಎರಡು ತಿಂಗಳಾದಾಗ ಪಟ್ಟಿ ಇದ್ದ ಕಡೆ ಶೇ 73ರಷ್ಟು ಕೆಲಸ ಸರಿಯಾಗಿ ಆಗುತ್ತಿತ್ತು, ಇಲ್ಲದ ಕಡೆ ಶೇ 42. ಹನ್ನೆರಡು ತಿಂಗಳ ಹೊತ್ತಿಗೆ, ಅಂದರೆ ಕೋಚ್‌ಗಳು ಹೋದ ಮೇಲೆ, 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ ಮಗುವಿನ ಸಾವು ಮತ್ತು ತಾಯಿಗಾಗುವ ತೀವ್ರ ತೊಂದರೆ ಸೇರಿಸಿ ನೋಡಿದರೆ ಪಟ್ಟಿ ಇದ್ದ ಕಡೆ ಶೇ 15.1, ಇಲ್ಲದ ಕಡೆ 15.3. ವ್ಯತ್ಯಾಸವೇ ಇಲ್ಲ.

ಹಾಳೆ ದಂಡ ಅಂತ ಇದಕ್ಕೆ ಅರ್ಥ ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಲ್ಟಿಮೋರ್‌ನಲ್ಲಿ ಹಾಳೆಯ ಹಿಂದೆ ತುಂಬಿದ ಗಾಡಿ ಇತ್ತು, ಬಾಯಿ ಬಿಡುವ ಧೈರ್ಯ ಇದ್ದ ನರ್ಸ್ ಇದ್ದರು, ಕೆಲಸ ಕೆಟ್ಟರೆ ಸಂಭಾಳಿಸುವ ಪೂರ್ತಿ ಆಸ್ಪತ್ರೆಯೇ ಇತ್ತು. ಸಣ್ಣ ಸರ್ಕಾರಿ ಹೆರಿಗೆ ಕೇಂದ್ರದಲ್ಲಿ ಮಗು ಉಸಿರಾಡುತ್ತಿಲ್ಲ ಅಂತ ಪಟ್ಟಿ ತೋರಿಸಿಕೊಟ್ಟರೂ, ಮುಂದಿನದ್ದನ್ನು ಮಾಡಲು ಪಳಗಿದ ಕೈ ಬೇಕು, ಸಿಸೇರಿಯನ್ ಮಾಡುವವರು ಬೇಕು, ರಾತ್ರಿ ಎರಡಕ್ಕೂ ರಕ್ತ ಸಿಗಬೇಕು. ಇನ್ನು, ಸ್ಟಾಫ್ ನರ್ಸ್ ಒಬ್ಬರು ದೊಡ್ಡ ಡಾಕ್ಟರಿಗೆ ‘ಸರ್, ನೀವು ಕೈ ತೊಳೆದಿಲ್ಲ’ ಅನ್ನುವುದನ್ನು ನಮ್ಮಲ್ಲಿ ಊಹಿಸಿಕೊಳ್ಳಿ ನೋಡೋಣ. ಗುತ್ತಿಗೆ ಮೇಲಿದ್ದವರಂತೂ ತುಟಿ ಬಿಚ್ಚಲಾರರು.

ಕೇಂದ್ರ ಸರ್ಕಾರ 2017ರ ಕೊನೆಗೆ ಶುರುಮಾಡಿದ ‘ಲಕ್ಷ್ಯ’ ಕಾರ್ಯಕ್ರಮ ಹಾಳೆಗೇ ನಿಲ್ಲದೆ ಹೆರಿಗೆ ಕೋಣೆಯ ಜಾಗ, ಸಲಕರಣೆ, ಸಿಬ್ಬಂದಿಯನ್ನೂ ಅಳೆದು ಪ್ರಮಾಣಪತ್ರ ಕೊಡುತ್ತದೆ. ಅದು ಸರಿಯಾದ ದಾರಿ ಅಂತ ನನಗನ್ನಿಸುತ್ತದೆ.

ಅದೂ ಮುಟ್ಟದ ಜಾಗ ಒಂದಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರ ಪೈಕಿ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ದ್ರಾವಣದ ಡ್ರಿಪ್ ಮೇಲೆ. ಸರ್ಕಾರ ಆ ಕಂಪನಿಯ ದ್ರಾವಣ ಬಳಸುವುದನ್ನು ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅದೇ ಕಂಪನಿಯ ಬ್ಯಾಚುಗಳ ಬಗ್ಗೆ ಅದಕ್ಕೂ ಮೊದಲೇ ತಕರಾರು ಎದ್ದಿತ್ತು ಅಂತಲೂ ಆಮೇಲೆ ಹೊರಬಂತು. ವಾರ್ಡಿನಲ್ಲಿ ಡ್ರಿಪ್ ಏರಿಸುವ ನರ್ಸ್ ಬಾಟಲಿಯ ಹೆಸರು, ಅವಧಿ ಮುಗಿಯುವ ತಾರೀಖು ನೋಡಬಹುದು, ಬೆಳಕಿಗೆ ಹಿಡಿದು ಕಸ ಇದೆಯಾ ಅಂತ ನೋಡಬಹುದು. ಒಳಗಿರುವುದನ್ನು ಪರೀಕ್ಷಿಸಬೇಕಾದದ್ದು ಖರೀದಿ ಮಾಡುವ ನಿಗಮ ಮತ್ತು ಸರ್ಕಾರದ ಲ್ಯಾಬು.