ಸಿಂಹೇಂದ್ರಮಧ್ಯಮಕ್ಕೆ ಯುಕುಲೆಲೆಯಲ್ಲಿ ಯಾವ ಕಾರ್ಡ್ ಹಿಡಿಯಬೇಕು?

ಪ್ರಶ್ನೆ: ಕೀರವಾಣಿ ಹಾಡಿಗೆ ಯುಕುಲೆಲೆ ಮ್ಯಾಲ ಕಾರ್ಡ್ ಹಿಡಿಯೂದು ಬರ್ತದ. ಅವನ್ನೇ ಸಿಂಹೇಂದ್ರಮಧ್ಯಮಕ್ಕ ಹಿಡಿದ್ರ ಅಪಸ್ವರ ಕೇಳಸ್ತದ. ಏನ್ ಬದಲ್ ಮಾಡಬೇಕ್ರಿ? (ಓದುಗರು, ಟಿಳಕವಾಡಿ, ಬೆಳಗಾವಿ)

ಉತ್ತರ: ಮೂರನೇ ತಂತಿಯ, ಅಂದರೆ ಸಿ ತಂತಿಯ, ಎರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಮೇಲಿರುವ ಬೆರಳನ್ನು ಮೂರನೇ ಫ್ರೆಟ್‌ಗೆ ಸರಿಸಿ. ಮುಕ್ಕಾಲು ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ತಂಟೆ ಇರುವುದೆಲ್ಲ ಉಳಿದ ಕಾಲು ಭಾಗದಲ್ಲಿ.

ಕರ್ನಾಟಕ ಸಂಗೀತದ ಮೇಳಗಳಲ್ಲಿ, ಅಂದರೆ ಏಳು ಸ್ವರಗಳ ಮೂಲ ರಾಗಗಳಲ್ಲಿ, ಕೀರವಾಣಿ 21ನೇದು, ಸಿಂಹೇಂದ್ರಮಧ್ಯಮ 57ನೇದು. ಮೇಳದ ಸಂಖ್ಯೆಗೆ 36 ಕೂಡಿಸಿದರೆ ಶುದ್ಧ ಮಧ್ಯಮ ಹೋಗಿ ತೀವ್ರ ಮಧ್ಯಮ ಬರುತ್ತದೆ, ಬೇರೆ ಯಾವ ಸ್ವರವೂ ಅಲ್ಲಾಡುವುದಿಲ್ಲ. ಸಿಂಹೇಂದ್ರಮಧ್ಯಮದ ಸ್ವರಗಳನ್ನು ಪಶ್ಚಿಮದವರು ಹಂಗೇರಿಯನ್ ಮೈನರ್ ಎನ್ನುತ್ತಾರೆ. ರಾಮಭಾವು ಬಿಜಾಪುರೆಯವರ ಪೇಟಿ (ಹಾರ್ಮೋನಿಯಂ) ಕೇಳಿದ ನಿಮ್ಮ ಊರಿನವರಿಗೆ ಪೇಟಿಯ ಬಿಳಿ-ಕರಿ ಮನೆಗಳ ಲೆಕ್ಕದಲ್ಲಿ ಹೇಳುವುದೇ ಸಲೀಸು: ಷಡ್ಜ ಬಿಳಿ ಆರು, ರಿಷಭ ಬಿಳಿ ಏಳು, ಕೋಮಲ ಗಾಂಧಾರ ಬಿಳಿ ಒಂದು, ತೀವ್ರ ಮಧ್ಯಮ ಕರಿ ಎರಡು, ಪಂಚಮ ಬಿಳಿ ಮೂರು, ಕೋಮಲ ಧೈವತ ಬಿಳಿ ನಾಲ್ಕು, ಶುದ್ಧ ನಿಷಾದ ಕರಿ ನಾಲ್ಕು. ಅಕ್ಷರದಲ್ಲಿ ಎ, ಬಿ, ಸಿ, ಡಿ ಶಾರ್ಪ್, ಇ, ಎಫ್, ಜಿ ಶಾರ್ಪ್.

ಬಿಳಿ ಆರನ್ನೇ ಆರಿಸಲು ಕಾರಣವಿದೆ. ಯುಕುಲೆಲೆಯ ಜಿ-ಸಿ-ಇ-ಎ ಶ್ರುತಿಯಲ್ಲಿ ಸಿ, ಇ, ಎ ತಂತಿಗಳು ಒತ್ತದೆಯೇ ಗಾಂಧಾರ, ಪಂಚಮ, ಷಡ್ಜ ನುಡಿಯುತ್ತವೆ. ನಾಲ್ಕನೇ ತಂತಿ ಜಿ ಮಾತ್ರ ವೈರಿ. ಅದು ಕೋಮಲ ನಿಷಾದ, ಈ ರಾಗದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಆ ತಂತಿಯನ್ನು ಎಂದೂ ಖಾಲಿ ಬಿಡಬೇಡಿ. ರೂಢಿಯ ಮೇಲೆ ಸಿ ಮೇಜರ್ (0-0-0-3) ಹಿಡಿದರೆ ಕೆಡುವುದು ಇಲ್ಲೇ. 1-0-0-3 ಹಿಡಿಯಿರಿ, ಅದು ಸಿ ಆಗ್ಮೆಂಟೆಡ್. ಅಂಕಿಗಳು ಒತ್ತಬೇಕಾದ ಫ್ರೆಟ್‌ಗಳು, ಸೊನ್ನೆ ಎಂದರೆ ಖಾಲಿ ತಂತಿ; ನಾಲ್ಕನೇ ತಂತಿಯಿಂದ ಮೊದಲನೇ ತಂತಿಯ ಕಡೆಗೆ ಓದಿಕೊಳ್ಳಿ.

ಈಗ ಬೆರಳು ಸರಿಸೋಣ. ಕೀರವಾಣಿಯ ಡಿ ಮೈನರ್ 2-2-1-0. ಉಂಗುರ ಬೆರಳು ಒಂದು ಫ್ರೆಟ್ ಮುಂದೆ ಹೋದರೆ 2-3-1-0, ಎಫ್ ಸೆವೆನ್. ಇ ಸೆವೆನ್ 1-2-0-2 ಇದ್ದದ್ದು 1-3-0-2 ಆಗಿ ಇ ಮೇಜರ್ ಸೆವೆನ್ ಆಗುತ್ತದೆ. ಬಿ ಡಿಮಿನಿಶ್ಡ್ 4-2-1-2 ಇದ್ದದ್ದು 4-3-1-2. ಎ ಮೈನರ್ (2-0-0-0), ಎಫ್ ಮೇಜರ್ (2-0-1-0), ಇ ಮೇಜರ್ (1-4-0-2) ಮೂರರಲ್ಲೂ ಮಧ್ಯಮ ಇಲ್ಲ, ಅವು ಇದ್ದ ಹಾಗೇ ಇರಲಿ.

ಒಂದು ಸ್ವರ ಬಿಟ್ಟು ಒಂದು ಜೋಡಿಸುತ್ತ ಹೋಗುವ ಪಾಠದ ಲೆಕ್ಕ ಇಲ್ಲಿ ಎಡವುತ್ತದೆ. ಮಧ್ಯಮದಿಂದ ಶುರು ಮಾಡಿದರೆ ಡಿ ಶಾರ್ಪ್, ಎಫ್, ಎ, ಸಿ ಬರುತ್ತವೆ. ಮೊದಲೆರಡರ ನಡುವೆ ಎರಡೇ ಫ್ರೆಟ್ ಅಂತರ, ಮೇಜರ್-ಮೈನರ್ ಯಾವ ಹೆಸರಿಗೂ ಅದು ಒಗ್ಗದು. ಎಫ್ ಅನ್ನು ಬುಡಕ್ಕೆ ತಂದರೆ ಅದೇ ಎಫ್ ಸೆವೆನ್. ರಿಷಭದ ಮೇಲೂ ಇಂಥದ್ದೇ ಫಜೀತಿ. ಚಾರ್ಟಿನ ಬಿ ಸೆವೆನ್ (2-3-2-2) ಹಿಡಿದರೆ ಎರಡನೇ ತಂತಿಯಲ್ಲಿ ಹಿಂದೂಸ್ತಾನಿಯವರ ಶುದ್ಧ ಧೈವತ (ಎಫ್ ಶಾರ್ಪ್) ನುಸುಳುತ್ತದೆ. ಆ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿ 2-3-1-2 ಮಾಡಿಕೊಳ್ಳಿ.

ಈ ರಾಗದ ರುಚಿ ಎಫ್ ಸೆವೆನ್‌ನಿಂದ ಇ ಮೇಜರ್‌ಗೆ ಇಳಿಯುವಲ್ಲಿದೆ. 2-3-1-0 ಹಿಡಿದು ನಿಧಾನಕ್ಕೆ 1-4-0-2ಕ್ಕೆ ಬನ್ನಿ. ಸಿ ತಂತಿಯಲ್ಲಿ ಮಧ್ಯಮ ಒಂದು ಫ್ರೆಟ್ ಏರಿ ಪಂಚಮಕ್ಕೆ, ಇ ತಂತಿಯಲ್ಲಿ ಧೈವತ ಒಂದು ಫ್ರೆಟ್ ಇಳಿದು ಅದೇ ಪಂಚಮಕ್ಕೆ ಬರುತ್ತದೆ. ನಾಲ್ಕನೇ ತಂತಿಯ ಷಡ್ಜ ನಿಷಾದವಾಗುತ್ತದೆ, ಮೊದಲನೆಯದು ರಿಷಭಕ್ಕೆ ಏರುತ್ತದೆ. ಆಮೇಲೆ ಎ ಮೈನರ್. ಎಫ್ ಸೆವೆನ್ ಆದ ಮೇಲೆ ಬಿ ಫ್ಲಾಟ್ (3-2-1-1) ಹಿಡಿಯುವ ಸಿನಿಮಾ ಹಾಡಿನ ಚಾಳಿ ಇಲ್ಲಿ ಬೇಡ, ಕೋಮಲ ರಿಷಭ ಬಂದು ರಾಗವೇ ಕೆಟ್ಟೀತು.

ಹಾಡುವವರು ಮಧ್ಯಮದ ಮೇಲೆ ನಿಂತಾಗ ಎ ಮೈನರ್ ಹಿಡಿಯಬಾರದು. ಅದರ ಪಂಚಮ ಪಕ್ಕದ ಮನೆಯದೇ ಆದ್ದರಿಂದ ಉಜ್ಜಿದ ಹಾಗೆ ಕೇಳುತ್ತದೆ. ಅಲ್ಲಿ 2-3-1-0 ಅಥವಾ 2-3-1-2 ಒಪ್ಪುತ್ತದೆ. ನಿಷಾದಕ್ಕೆ 1-0-0-0 ಚಂದ, ಒಂದೇ ಬೆರಳಿನ ಕೆಲಸ. ಆಲಾಪದಲ್ಲಿ ಸ್ಟ್ರಮ್ ಮಾಡದೆ ತಂತಿಗಳನ್ನು ಒಂದೊಂದಾಗಿ ಮೀಟಿ. ನಮ್ಮನ್ನು ಕೇಳಿದರೆ ಸುಮ್ಮನಿದ್ದರೂ ನಷ್ಟವಿಲ್ಲ.

ಹಾಡುವವರ ಷಡ್ಜ ಕರಿ ಐದಾದರೆ ಮೊದಲ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಇವೇ ಆಕಾರಗಳನ್ನು ಹಿಡಿಯಿರಿ. ಕರಿ ಒಂದಕ್ಕೆ ನಾಲ್ಕನೇ ಫ್ರೆಟ್, ಆದರೆ ಸೊಪ್ರಾನೊ ಎನ್ನುವ ಸಣ್ಣ ಯುಕುಲೆಲೆಯಲ್ಲಿ ಅಲ್ಲಿ ಬೆರಳಿಗೆ ಜಾಗ ಇಕ್ಕಟ್ಟು. ಬೆರಳು ಸರಿಯಿದ್ದೂ ಮಧ್ಯಮ ಏರಿದಂತೆ ಕೇಳಿದರೆ ಕೇಪೊ ತೆಗೆದು ಸಿ ತಂತಿಯ ಮೂರನೇ ಫ್ರೆಟ್ ಒತ್ತಿ ಟ್ಯೂನರ್ ನೋಡಿ. ಖಾಲಿ ತಂತಿ ಸರಿಯಾಗಿ ಸಿ ತೋರಿಸಿ ಇದು ಮಾತ್ರ ಏರಿದ್ದರೆ, ಒಂದೋ ಬೆರಳು ಜಾಸ್ತಿ ಒತ್ತುತ್ತಿದೆ, ಇಲ್ಲವೇ ತಲೆಯ ಹತ್ತಿರದ ನಟ್ ಎತ್ತರವಾಗಿದೆ. ಎರಡನೆಯದಾದರೆ ನಟ್‌ನ ಕಚ್ಚು ಆಳ ಮಾಡಿಸಬೇಕು. ಅದನ್ನು ವಾದ್ಯ ರಿಪೇರಿಯವರ ಕೈಗೆ ಕೊಡಿ. ಅರ ಒಮ್ಮೆ ಹೆಚ್ಚು ಉಜ್ಜಿದರೆ ಹೊಸ ನಟ್ಟೇ ಹಾಕಿಸಬೇಕಾದೀತು.